ಎರಡು ರೂಪಾಯಿ ಗುಳಿಗೆಯ ಮರ್ಯಾದೆ

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ರ ಮೆಡಿಕಲ್ ಶಾಪ್ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಇಂಥದ್ದು ಒಂದಾದರೂ ನಡೆಯದ ವಾರ ಇಲ್ಲ. ಕೇಳಿದವರು ಹೊಟ್ಟೆ ಹಿಡ್ಕೊಂಡು ನಗ್ತಾರೆ. ಮೊದಮೊದಲು ನಾನೂ ನಗ್ತಿದ್ದೆ. ಈಗ ಕೌಂಟರ್ ಮೇಲೆ ಮೊಣಕೈ ಊರಿ ಸುಮ್ನೆ ಕೂತಿರ್ತೀನಿ.

೧. ಇಷ್ಟೇನಾ?

ಉಡುತಡಿ ಕಡೆಯ ಒಬ್ಬ ಯಜಮಾನ್ರು, ಕುರಿ ಸಾಕೋರು. ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿ ಒಣಗ್ತಾನೇ ಇರಲಿಲ್ಲ. ಸಕ್ಕರೆ ಇಳಿಯದಿದ್ರೆ ಬೆರಳು ತೆಗೀಬೇಕಾಗ್ತದೆ ಅಂತ ಡಾಕ್ಟರು ಹೇಳಿ ಚೀಟಿ ಬರೆದಿದ್ರು. ಗುಳಿಗೆ ಕೊಟ್ಟೆ.

"ಒಂದಕ್ಕ ಎಷ್ಟು ಬೀಳ್ತತ್ರಿ?"

"ಎರಡು ರೂಪಾಯಿ."

"ಇಷ್ಟೇನಾ? ಬೆರಳು ಉಳಿಸೋ ಔಷಧಿ ಎರಡು ರೂಪಾಯಿಗೆ ಸಿಗ್ತತೇನ್ರಿ?"

ಹಳೇ ಔಷಧಿ ಯಜಮಾನ್ರೆ, ಈಗ ಹತ್ತಾರು ಕಂಪನಿಯವರು ತಯಾರು ಮಾಡ್ತಾರೆ, ಅದಕ್ಕೇ ಅಗ್ಗ ಅಂತ ಬಿಡಿಸಿ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದ್ರು. "ನಿಮಗೂ ಯಾರೋ ಟೋಪಿ ಹಾಕ್ಯಾರ್ರಿ."

ಮುಂದಿನ ವಾರ ಸೊರಬಕ್ಕೆ ಹೋದವರು, ಅಲ್ಲಿ ಯಾರೋ ಮೈಕ್ ಹಿಡಿದು ಮಾರ್ತಿದ್ದ ಗಿಡಮೂಲಿಕೆ ಗುಳಿಗೆ ಡಬ್ಬವನ್ನ ಸಾವಿರದ ಎಂಟುನೂರು ಕೊಟ್ಟು ತಂದ್ರು. ನನ್ನ ಕೌಂಟರ್ ಮೇಲೇ ಇಟ್ಟು ಹೇಳಿದ್ರು: "ಇದು ನೋಡ್ರಿ, ರೇಟು ಅಂದ್ರ."

೨. ಲುಕ್ಸಾನು

ತಿಂಗಳಾದ ಮೇಲೆ ಕುಂಟ್ಕೊಂಡು ಬಂದ್ರು. ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದ್ದು ಮಾತ್ರ ಕುರಿಗೆ ಜಂತುಹುಳದ ಔಷಧಿ. ನನಗೆ ರೇಗಿಹೋಯ್ತು.

"ಕುರಿಗೂ ಗಿಡಮೂಲಿಕೆನೇ ಕೊಡಿ. ಸೈಡ್ ಎಫೆಕ್ಟ್ ಇಲ್ಲ ಅಂತಾರಲ್ಲ."

"ಕುರಿ ಮ್ಯಾಲೆ ಹಂಗೆಲ್ಲ ಪ್ರಯೋಗ ಮಾಡಬಾರದ್ರಿ. ಸತ್ರೆ ಲುಕ್ಸಾನ್ ಆಗ್ತತಿ."

"ನೀವು ಸತ್ರೆ?"

ಬೆರಳಿನ ಬಟ್ಟೆ ಬಿಗಿ ಮಾಡ್ಕೊಂಡ್ರು. "ನನ್ನನ್ನ ಯಾರು ಕೊಳ್ತಾರ್ರಿ?"

೩. ಮುಂದಿನ ಶೆಲ್ಫು

ನಾನೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡ್ತೀನಿ. ಆ ಡಬ್ಬದ ಕಂಪನಿಯವರು ನನ್ನ ಅಂಗಡಿಗೂ ಬಂದ್ರು. ಡಬ್ಬ ಒಂದು ಮಾರಿದ್ರೆ ಸಿಗೋ ಲಾಭ, ತಿಂಗಳೆಲ್ಲ ಸಕ್ಕರೆ ಕಾಯಿಲೆ ಗುಳಿಗೆ ಮಾರಿದ್ರೂ ಬರಲ್ಲ. ಎರಡು ತಿಂಗಳು ತಡಕೊಂಡೆ. ಆಮೇಲೆ ಅಂಗಡಿ ಬಾಡಿಗೆ ಏರಿತು, ಡಬ್ಬಗಳು ಮುಂದಿನ ಶೆಲ್ಫಿಗೆ ಬಂದವು, ಜೀವ ಉಳಿಸೋ ಗುಳಿಗೆಗಳು ಹಿಂದೆ ಮೂಲೆ ಸೇರಿದವು. ಒಬ್ಬ ಮೇಷ್ಟ್ರು ಡಬ್ಬ ಹಿಡಿದು, "ನಿಮ್ಮ ಮನೇಲೂ ಇದನ್ನೇ ತಗೊಳ್ತೀರಾ?" ಅಂತ ಕೇಳಿದ್ರು. "ಸ್ಟಾಕ್ ಕಮ್ಮಿ ಇದೆ ಸಾರ್," ಅಂದೆ. ಅವರು ಎರಡು ತಗೊಂಡ್ರು.

೪. ಖಾಲಿ ಡಬ್ಬ

ಒಂದು ದಿನ ಯಜಮಾನ್ರ ಹೆಂಡತಿ ಒಬ್ಬರೇ ಬಂದ್ರು. ಕಣ್ಣು ಕೆಂಪಾಗಿತ್ತು. ಸೆರಗಿನೊಳಗಿಂದ ಅದೇ ಡಬ್ಬ ತೆಗೆದ್ರು, ಖಾಲಿ.

"ಅಣ್ಣಾರ, ಡಾಕ್ಟರು ಬರೆದ ಗುಳಿಗಿ ಬಿಡಿಸಿ ಇದರಾಗ ತುಂಬಿ ಕೊಡ್ರಿ. ಅವರಿಗೆ ಗುಳಿಗಿ ಕಾಣಂಗಿಲ್ಲ, ಡಬ್ಬ ಅಷ್ಟೇ ಕಾಣ್ತತಿ. ಬೆರಳು ಹೋದ್ರ ಕುರಿ ಹಿಂದ ಯಾರು ಅಡ್ಡಾಡ್ತಾರ?"

ಮಾಡಬಾರದ ಕೆಲಸ. ಮಾಡಿದೆ. ತಿಂಗಳು ತಿಂಗಳೂ ತುಂಬಿ ಕೊಟ್ಟೆ. ನಾಲ್ಕನೇ ತಿಂಗಳಿಗೆ ಸಕ್ಕರೆ ಇಳಿಯಿತು, ಹುಣ್ಣು ಒಣಗಿತು, ಬೆರಳು ಉಳಿಯಿತು. ಆಯಮ್ಮ ಕೈಮುಗಿದು ಅತ್ತರು.

ಮಾರನೇ ವಾರ ಯಜಮಾನ್ರು ಹೊಸ ಅಂಗಿ ತೊಟ್ಟು, ಗಟ್ಟಿಯಾಗಿ ಹೆಜ್ಜೆ ಹಾಕ್ತಾ ಬಂದ್ರು. "ನಾನು ಆ ಡಬ್ಬದ ಏಜೆಂಟ್ ಆದೆ, ಸಾಹೇಬ್ರ. ನಿಮ್ಮ ಹತ್ರ ಹತ್ತು ಡಬ್ಬ ಅದಾವೇನು?"

ಏನಂತ ಹೇಳಲಿ? ನಿಜ ಹೇಳಿದ್ರೆ ಗುಳಿಗೆ ಬಿಡ್ತಾರೆ, ಬೆರಳು ಹೋಗ್ತದೆ. ಹೇಳದಿದ್ರೆ ಇವರ ಬೆರಳು ನೋಡಿ ಊರವರೆಲ್ಲ ತಮ್ಮ ತಮ್ಮ ಗುಳಿಗೆ ಬಿಡ್ತಾರೆ. ಹತ್ತು ಡಬ್ಬ ಕಟ್ಟಿಕೊಟ್ಟೆ.

೫. ಅಮ್ಮನಿಗೆ ಗೊತ್ತಾಗಬಾರದು

ಅಮ್ಮ ಸೊರಬದಲ್ಲಿ ನನ್ನ ತಂಗಿ ಮನೇಲಿದ್ದಾರೆ. ಬಿ.ಪಿ. ಇದೆ. ತಂಗಿ ಫೋನ್ ಮಾಡಿ, ಅಮ್ಮಂಗೆ ತಲೆ ತಿರುಗ್ತಿದೆ ಅಂದ್ಲು. ಓಡಿದೆ. ನಾನು ಕಳಿಸಿದ್ದ ಗುಳಿಗೆ ಒಂದೂ ಮುಟ್ಟದೆ ಕಿಟಕಿಯಲ್ಲಿ ಬಿದ್ದಿದ್ದವು. ಪಕ್ಕದಲ್ಲಿ ಡಬ್ಬ. ತಿರುಗಿಸಿ ನೋಡಿದ್ರೆ ತಳದಲ್ಲಿ ನನ್ನದೇ ಅಂಗಡಿ ಸ್ಟಿಕ್ಕರು.

"ಕುರಿ ಯಜಮಾನ್ರು ಅಂತೆ, ಡಬ್ಬ ಮಾರೋ ಸಭೇಲಿ ವಾಸಿಯಾದ ಬೆರಳು ತೋರ್ಸಿದ್ರು ಮಾರಾಯ. ನಾನೇ ಮುಟ್ಟಿ ನೋಡಿದೀನಿ," ಅಂದ್ರು ಅಮ್ಮ.

ನನಗೆ ಅಳು ಬಂತು. ಬಾಗಿಲು ಹಾಕಿ, ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡು, ಎಲ್ಲಾ ಹೇಳಿದೆ. ಆ ಯಜಮಾನ್ರ ಡಬ್ಬದಲ್ಲಿದ್ದದ್ದು ನನ್ನ ಎರಡು ರೂಪಾಯಿ ಗುಳಿಗೆ, ಬೆರಳು ಉಳಿಸಿದ್ದು ಅದೇ ಅಂದೆ. ಅಮ್ಮ ಡಬ್ಬ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ್ರು. ಅಬ್ಬ, ಒಬ್ಬರಿಗಾದರೂ ಅರ್ಥ ಆಯ್ತು ಅಂದುಕೊಂಡೆ.

"ಹಂಗಾರೆ ನನ್ನ ಬಿ.ಪಿ. ಗುಳಿಗೆನೂ ಹಂಗೇ ಡಬ್ಬಕ್ಕೆ ತುಂಬಿ ಕೊಡು," ಅಂದ್ರು. "ಆದ್ರೆ ನಂಗೆ ಗೊತ್ತಾಗಬಾರದು."

ಅವರು ಗೋಡೆ ಕಡೆ ತಿರುಗಿ ಕೂತ್ರು. ನಾನು ಬಿಡಿಸಿ ತುಂಬಿದೆ. ಅಮ್ಮ ಒಂದು ಗುಳಿಗೆ ನುಂಗಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದ್ರು:

"ಇದರ ಮುಂದೆ ನಿನ್ನ ಗುಳಿಗೆ ಎಂತಕ್ಕೂ ಬರಲ್ಲ ನೋಡು."