ಮುತ್ತಜ್ಜಿಯ ಪಿಂಚಣಿ, ನನ್ನ ಪರಾಕ್ರಮ

ನಮ್ಮ ಮುತ್ತಜ್ಜಿ ಅಕ್ಕಮ್ಮನ ಗಂಡ ದೂಮಣ್ಣ ಬ್ರಿಟಿಷರ ಕಾಲದ ಯುದ್ಧದಲ್ಲಿ ಮಡಿದರೆಂದು ಅಪ್ಪ ಹೇಳುತ್ತಿದ್ದರು. ಮುತ್ತಜ್ಜಿಯ ಗಂಡ ಎಂದರೆ ಮುತ್ತಜ್ಜ. ಇದಕ್ಕೂ ಸಂಶೋಧನೆ ಬೇಕೆ?

ಮುಲುಂಡಿನ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು, "ನನ್ನ ರಕ್ತದಲ್ಲೇ ಸೈನ್ಯವಿದೆ" ಎಂದುಬಿಟ್ಟೆ. ಸೆಕ್ರೆಟರಿ ಪಾಟೀಲರಿಗೆ ರೋಮಾಂಚನವಾಯಿತು. "ಈ ಸಲ ಆಗಸ್ಟ್ ಹದಿನೈದಕ್ಕೆ ಝಂಡಾ ನೀವೇ ಹಾರಿಸಬೇಕು! ನೋಟಿಸ್ ಬೋರ್ಡಿಗೆ ಒಂದು ಪ್ರೂಫ್ ಕೊಡಿ, ಬಸ್, ಅಷ್ಟೇ."

ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಒಂದು ಚಪ್ಪಲಿಯನ್ನು ಜನಸಾಗರಕ್ಕೆ ಅರ್ಪಿಸಿ, ದಹಿಸರಿನಲ್ಲಿರುವ ಸೋದರತ್ತೆಯ ಮನೆ ಸೇರಿದೆ. ಎಂಬತ್ತು ದಾಟಿದ ಅತ್ತೆ ಟ್ರಂಕಿನಿಂದ ಹಳದಿಗಟ್ಟಿದ ಪುಸ್ತಕವೊಂದನ್ನು ತೆಗೆದುಕೊಟ್ಟರು. ಅಕ್ಕಮ್ಮನ ವಿಧವಾ ಪಿಂಚಣಿ ಪುಸ್ತಕ! ಅದರಲ್ಲಿ ದೂಮಣ್ಣನ ಪಲ್ಟನ್ ನಂಬರೂ ಇತ್ತು. ಅತ್ತೆ ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಮೆಟ್ಟಿಲಿಳಿದಿದ್ದೆ.

ದೂಮಣ್ಣನ ಸೇವಾ ವಿವರ ಕೋರಿ ಸೈನ್ಯದ ದಾಖಲೆ ಕಚೇರಿಗೆ ಫಾರ್ಮು ತುಂಬಿ ಕಳಿಸಿದೆ. ಕೆಲವು ವಾರಗಳಲ್ಲಿ ಉತ್ತರ ಬಂತು. "ಮಾನ್ಯ ಶ್ರೀಮತಿಯವರೇ, ತಾವು ಮರುಮದುವೆಯಾಗಿಲ್ಲವೆಂಬ ಪ್ರಮಾಣಪತ್ರ ಲಗತ್ತಿಸಿ."

ನನ್ನ ಹೆಂಡತಿ ಸುಮತಿ ಫಾರ್ಮಿನ ನಕಲು ನೋಡಿದಳು. 'ಮೃತರೊಂದಿಗೆ ಅರ್ಜಿದಾರರ ಸಂಬಂಧ' ಎಂಬಲ್ಲಿ ನಾನು 'ವಿಧವೆ' ಎಂಬುದಕ್ಕೆ ಗುರುತು ಹಾಕಿದ್ದೆ!

"ಮರುಮದುವೆ ಆಗಿಲ್ಲ ಅಂತ ಬರೀರಿ, ಸಾಕ್ಷಿಗೆ ನಾನಿದ್ದೇನೆ" ಎಂದಳು. ಅವಳು ನಗುವುದನ್ನು ನಿಲ್ಲಿಸಲು ಎರಡು ದಿನ ಬೇಕಾಯಿತು.

ತಪ್ಪು ತಿದ್ದಿ ಮತ್ತೆ ಬರೆದೆ. ಎರಡನೆಯ ಉತ್ತರ ಬಂದಾಗ ಪಾಟೀಲರು ಗೇಟಿನಲ್ಲೇ ಇದ್ದರು. ಲಕೋಟೆ ಒಡೆದು ಅವರ ಕೈಗೇ ಕೊಟ್ಟೆ. ಗಟ್ಟಿಯಾಗಿ ಓದಿದರು. ಸಿಪಾಯಿ ದೂಮಣ್ಣ ಯುದ್ಧದಲ್ಲಿ ಮೃತ. ನಾನು ಎದೆಯುಬ್ಬಿಸಿದೆ. ಮಕ್ಕಳಿಲ್ಲ. ಎದೆ ಅರ್ಧಕ್ಕಿಳಿಯಿತು. ವಿಧವೆ ಮರುಮದುವೆಯಾದ ಕಾರಣ ಪಿಂಚಣಿ ರದ್ದು; ಪಕ್ಕದಲ್ಲಿ ರದ್ದಾದ ತಾರೀಖು.

ನನ್ನ ಅಜ್ಜ ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ!

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ನಮ್ಮ ಮುತ್ತಜ್ಜ ಹಾಗಾದ್ರೆ ಯಾರು?"

"ಐತಪ್ಪ, ಮಾರಾಯಾ. ಬಳೆ ಮಾರ್ತಿದ್ರು. ಪಟಾಕಿ ಸದ್ದಿಗೂ ಹೆದರ್ತಿದ್ರಂತೆ. ಪಾಪದ ಜನ."

"ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ದು ದೂಮಣ್ಣನ ಕಾಗದ ಉಂಟಾ ಅಂತ. ಉಂಟು, ಕೊಟ್ಟೆ. ಅವರು ನಿನ್ನ ಮುತ್ತಜ್ಜನಾ ಅಂತ ಕೇಳಿದ್ಯಾ?"

ಝಂಡಾ ಬೇರೆಯವರು ಹಾರಿಸಲಿ ಎಂದು ಪಾಟೀಲರ ಕೈ ಹಿಡಿದು ಬೇಡಿಕೊಂಡೆ. "ನಿಮ್ಮ ಹೆಸರಿನ ಆಮಂತ್ರಣ ಪತ್ರಿಕೆ ಛಾಪ್ ಆಗಿದೆ, ಭಾವೂ. ಆದರೆ ನಾನು ಸುಳ್ಳು ಹೇಳೋದಿಲ್ಲ" ಎಂದರು.

ಹೇಳಲೂ ಇಲ್ಲ. ಆಗಸ್ಟ್ ಹದಿನೈದರ ಬೆಳಿಗ್ಗೆ ಇಡೀ ಬಿಲ್ಡಿಂಗಿನ ಮುಂದೆ ಮೈಕಿನಲ್ಲಿ ಘೋಷಿಸಿದರು: "ಈಗ ಧ್ವಜಾರೋಹಣ, ವೀರ ಸೈನಿಕನ ಹೆಂಡತಿಯ ಎರಡನೇ ಗಂಡನ ಮರಿಮಗನಿಂದ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸುಮತಿ. ನಾನು ಬಳೆಗಾರನ ವಂಶಕ್ಕೆ ತಕ್ಕಂತೆ, ಬಹಳ ನಾಜೂಕಾಗಿ ಹಗ್ಗ ಎಳೆದೆ.