ಕಂದೀಲು, ಛತ್ರಿ ಮತ್ತ ಒಂದು ಓಟು

ಚುನಾವಣಿ ಬಂತಂದ್ರ ನನ್ನ ಕಟ್ಟಿ ಮುಂದ ಏನಾರ ಒಂದು ಆಗಲಾರದ ಬಿಡಂಗಿಲ್ಲ. ಗಜೇಂದ್ರಗಡದ ಮುನಸಿಪಾಲ್ಟಿ ಎದುರಿನ ಕಟ್ಟಿ ಮ್ಯಾಲ ಚಾಪಿ ಹಾಸಿಕೊಂಡು ಅರ್ಜಿ ಬರಿಯಾಂವ ನಾನು. ರೋಣದ ಕಚೇರಿಗೆ ತಕರಾರು ಬರೀಬೇಕಂದ್ರ, ನರಗುಂದದ ಬೀಗರಿಗೆ ಸಿಟ್ಟಿನ ಕಾಗದ ಬರೀಬೇಕಂದ್ರ ಎಲ್ಲಾರೂ ನನ್ನ ಹತ್ರನ ಬರತಿದ್ರು. ಯಾರು ಬಂದ್ರೂ ಇಲ್ಲ ಅಂತಿದ್ದಿಲ್ಲ. ಅರ್ಜಿ ಬರಿಯಾಂವಗ ಪಕ್ಷ ಅಂಬೋದು ಇರಬಾರದು ಅನ್ನೂದು ನನ್ನ ಹಟ. ಆ ಹಟಾನ ಇಷ್ಟೆಲ್ಲಾ ಮಾಡ್ತು.

ಐವತ್ತರ ದಶಕದ ಮಾತು. ನಮ್ಮ ವಾರ್ಡಿನಾಗ ಎಣ್ಣಿ ಅಂಗಡಿ ಸಾವಕಾರ್ರು ಮೆಂಬರ್ ಆಗಬೇಕಂತ ನಿಂತಿದ್ರು. ಹಿಂದಿನ ಸಲ ಒಂದ ಓಟಿನಿಂದ ಸೋತಿದ್ರು. ಆ ಓಟು ಯಾರದಂತ ಊರಿಗೇ ಗೊತ್ತಿತ್ತು. ಅವರ ಹೆಂಡತೀದು! ಓಟಿನ ಯಾದ್ಯಾಗ ಆಕೀನ್ನ 'ಇಂಥವರ ಹೆಂಡತಿ' ಅಂತ ಬರದಿದ್ರು. ಆಫೀಸರು "ಗಂಡನ ಹೆಸರೇನ್ರಿ?" ಅಂದ್ರು. ಗಂಡನ ಹೆಸರು ಬಾಯಿಲೆ ಹ್ಯಾಂಗ ತಗಿಯೋದಂತ ಆಕಿ ಹೊಳ್ಳಿ ಮನಿಗೆ ನಡದಿದ್ಲು. ಈ ಸಲನೂ ಸೋತ್ರ ಅಂಗಡಿ ಗಾದಿ ಮ್ಯಾಲ ಕುಂಡ್ರಂಗಿಲ್ಲ ಅಂತ ಸಾವಕಾರ್ರು ಕಂಡಕಂಡವರ ಮುಂದ ಹೇಳಿದ್ರು.

೧. ಮಟಮಟ ಮಧ್ಯಾಹ್ನ

ಸಾವಕಾರ್ರಿಗೆ ಕಂದೀಲಿನ ಗುರ್ತು ಸಿಕ್ತು. ಅವರ ಎದುರಿಗೆ ನಿಂತ ಅರವಿ ಅಂಗಡಿ ಸಾವಕಾರ್ರಿಗೆ ಛತ್ರಿ. ಜನ ಗುರ್ತು ಮರೀಬಾರದಂತ ನಮ್ಮ ಸಾವಕಾರ್ರು ಸುಡೋ ಬಿಸಲಾಗ ಕಂದೀಲು ಹಚ್ಚಿಕೊಂಡು ಓಣಿ ಓಣಿ ಹೊಂಟ್ರು. ಹಿಂದ ಓಟಿನ ಯಾದಿ ಹಿಡಕೊಂಡು ನಾನು; ಕೂಲಿ ಕೊಟ್ಟು ಕರದಿದ್ರು.

ನೇಕಾರ ಓಣ್ಯಾಗ ಒಬ್ಬ ಮುದುಕಿ ಕೇಳಿದ್ಲು, "ಏನ ಕಳಕೊಂಡಿಯೋ ತಮ್ಮಾ?"

"ಹ್ವಾದ ಸಲದ ಓಟು ಹುಡಕಾಕತ್ತೇನಬೇ ಯವ್ವಾ," ಅಂದ್ರು ಸಾವಕಾರ್ರು.

"ಇಲ್ಲ್ಯಾಕ ಹುಡಕ್ತಿ? ಮನಿಗೆ ಹೋಗಿ ಅಡಗಿ ಮನ್ಯಾಗ ನೋಡು!"

ನಾನು ನಕ್ಕೆ. ನಗಬಾರದಿತ್ತು. ಸಂಜಿತನಕಾ ಕಂದೀಲು ಹೊರೂದು ನನ್ನ ಪಾಲಿಗೆ ಬಂತು.

೨. ಒಂದ ಭಾಷಣ

ಇಬ್ರೂ ಸಾವಕಾರ್ರು ಭಾಷಣಾ ಬರಸಾಕ ನನ್ನ ಹತ್ರನ ಬಂದ್ರು, ಅದೂ ಒಂದ ದಿವಸ. ಊರಿಗೆ ಬೇಕಾಗಿದ್ದರ ಏನು? ನಳ, ಬೀದಿ ದೀಪ, ಗಟಾರ. ಅದನ್ನ ಎರಡು ನಮೂನಿ ಹ್ಯಾಂಗ ಬರೀಲಿ? ನಕಲು ತಗದು ಇಬ್ರಿಗೂ ಕೊಟ್ಟೆ. ಇಬ್ರೂ ಒಂದ ಕಟ್ಟಿ ಮ್ಯಾಲ ಒಬ್ಬರ ಹಿಂದ ಒಬ್ಬರು ಮಾತಾಡ್ತಾರಂತ ನನಗೇನು ಕನಸು ಬಿದ್ದಿತ್ತು?

ಮೊದಲ ಛತ್ರಿಯವರು ಓದಿದ್ರು. ನಮ್ಮ ಸಾವಕಾರ್ರು ಕೈಯಾಗಿನ ಹಾಳಿ ನೋಡಿದ್ರು, ಅವರ ಬಾಯಿ ನೋಡಿದ್ರು, ನನ್ನ ನೋಡಿದ್ರು. ನಾ ಕಂಬದ ಮರಿಗೆ ಸರದೆ. ಅವರ ಪಾಳಿ ಬಂತು. ಎದ್ದು ನಿಂತು, "ಈಗ ಅವರು ಹೇಳಿದ್ದು ಅಕ್ಷರ ಅಕ್ಷರ ಖರೇ ಐತ್ರಿ," ಅಂದು ಕುಂತುಬಿಟ್ರು.

ಜನ ಚಪ್ಪಾಳಿ ಹೊಡದ್ರು. ಇಂಥಾ ದೊಡ್ಡ ಮನಸ್ಸು ಯಾರಿಗೆ ಇರ್ತೈತಿ ಅಂದ್ರು.

೩. ಒಡಪು

ಉಳದಿದ್ದು ಹೆಂಡತಿ ಓಟು. ಹೆಸರು ಬರೇ ಹೇಳಬಾರದು ಖರೇ, ಆದ್ರ ಮದುವಿ-ಸೋಬಾನದಾಗ ಹೆಂಗಸರು ಒಡಪು ಕಟ್ಟಿ, ಅದರಾಗ ಗಂಡನ ಹೆಸರು ಸೇರಿಸಿ ಹೇಳ್ತಾರಲ್ಲ! ನಾನ ಒಂದು ಒಡಪು ಬರಕೊಟ್ಟೆ. ಮರುದಿನ ಛತ್ರಿಯವರೂ ಬಂದ್ರು, ಅವರ ಮನಿಯಾಕಿಗೂ ಒಂದು ಬರಕೊಟ್ಟೆ. ಈ ಸಲ ನಕಲಲ್ಲ, ಬ್ಯಾರೆ.

ಓಟಿನ ದಿವಸ ನಾನು ಕಂದೀಲಿನ ಏಜೆಂಟ್ ಅಂತ ಒಳಗ ಕುಂತಿದ್ದೆ. ಇಬ್ರೂ ಹೆಣ್ಣಮಕ್ಕಳು ಮಾತಾಡಿಕೋತ ಕೂಡೇ ಬಂದ್ರು. ಗಂಡಂದಿರದು ಏನರ ಇರಲಿ, ಇವರಿಬ್ರು ಒಂದ ಭಾವಿ ನೀರು ಸೇದೋ ಗೆಳತ್ಯಾರು.

ಆಫೀಸರು ಕೇಳಿದ್ರು, "ಯಜಮಾನ್ರ ಹೆಸರ್ರಿ?"

ಸಾವಕಾರ್ರ ಮನಿಯಾಕಿ, ನಮ್ಮ ಅಕ್ಕಾರು, ಸೆರಗು ಸರಿ ಮಾಡಿಕೊಂಡು ಶುರು ಹಚ್ಚಿದ್ರು:

"ಗುಡ್ಡದ ಮ್ಯಾಲಿನ ಕೋಟ್ಯಾಗ ಹುಣ್ಣಿವಿ ಚಂದ್ರ ಮೂಡಲಿ,
ಚನ್ನಪ್ಪನವರ ಕಂದೀಲ ಊರತುಂಬ ಬೆಳಗಲಿ!"

ಛತ್ರಿ ಏಜೆಂಟ್ ಜಿಗದೆದ್ದ. "ಸಾಹೇಬ್ರ, ಇದು ಪ್ರಚಾರ! ಓಟಿನ ಖೋಲ್ಯಾಗ ಪ್ರಚಾರ!"

ಆಫೀಸರು ಭಾಳೊತ್ತು ತಲಿ ಕೆರಕೊಂಡು ಹುಕುಂ ಮಾಡಿದ್ರು. "ಒಡಪು ಹೇಳ್ರಿ, ಅಡ್ಡಿ ಇಲ್ಲ. ಗುರ್ತು ಮಾತ್ರ ಬರಬಾರದು."

ಅಕ್ಕಾರು ತಮ್ಮ ಮದುವ್ಯಾಗಿನ ಹಳೇ ಒಡಪು ಹೇಳಿದ್ರು, ಓಟಿನ ಚೀಟಿ ಸಿಕ್ತು. ಹಿಂದ ಛತ್ರಿಯವರ ಮನಿಯಾಕಿ. ಪಾಪ, ಆಕಿ ಬಾಯಿಪಾಠ ಮಾಡಿದ್ದು ನಾ ಬರದಿದ್ದೊಂದ, ಅದರಾಗ ಸಾಲಿಗೊಂದು ಛತ್ರಿ. ಗಂಡಸರ ಮುಂದ ಬ್ಯಾರೆ ಯಾವುದೂ ನೆನಪಾಗ್ಲಿಲ್ಲ. ಕಣ್ಣಾಗ ನೀರು ತಂದುಕೊಂಡು ಹೊಳ್ಳಿ ಹ್ವಾದ್ಲು. ನಮ್ಮ ಅಕ್ಕಾರು ಚೀಟಿ ಹಿಡಕೊಂಡು ಆಕಿ ಹ್ವಾದ ದಾರಿ ನೋಡಿಕೋತ ನಿಂತ್ರು. ಆಮ್ಯಾಲ ಪಡದೆ ಒಳಗ ಹ್ವಾದ್ರು. ಅಲ್ಲಿ ಕಂದೀಲಿನ ಚಿತ್ರ ಹಚ್ಚಿದ್ದೊಂದು ಪೆಟಗಿ, ಛತ್ರೀದೊಂದು ಪೆಟಗಿ.

ಹೊರಗ ಸಾವಕಾರ್ರಿಗೆ ಸುದ್ದಿ ಮುಟ್ಟಿಸಿದೆ. ನಮ್ಮದು ಬಿತ್ತು, ಅವರದು ಹೋತು! ಕುಣಿಯೋದೊಂದ ಬಾಕಿ.

೪. ಎಣಿಕಿ

ಎಣಿಸಿದ್ರು. ನಮ್ಮ ಸಾವಕಾರ್ರು ಮತ್ತ ಒಂದ ಓಟಿನಿಂದ ಸೋತ್ರು.

ಮನಿಗೆ ಹೋಗಿ ತಲಿಮ್ಯಾಲ ಕೈ ಹೊತ್ತು ಕುಂತ್ರು. ನನಗೂ ಕೆಟ್ಟ ಅನಿಸಿತ್ತು, ಬಾಜೂಕ ಕುಂತಿದ್ದೆ. ಅಕ್ಕಾರು ಚಾ ತಂದಿಟ್ಟು ಮೆಲ್ಲಕ ಅಂದ್ರು, "ಆಕಿ ಅಳಕೋತ ಹ್ವಾದ್ಲು. ಆಕೀ ಓಟು ದಂಡ ಆಗಬಾರದಂತ ನಂದು ಛತ್ರಿ ಪೆಟಗ್ಯಾಗ ಹಾಕಿದೆ. ಒಂದ ಓಟಿನಿಂದ ಏನಾಗ್ತೈತಿ ಅಂದುಕೊಂಡೆ."

ಸಾವಕಾರ್ರು ಬೈತಾರಂತ ನಾ ಚಾದ ಬಟ್ಟಲಾ ಕೆಳಗಿಟ್ಟೆ. ಬೈಲಿಲ್ಲ. ಹೆಂಡತಿ ಮುಖ ನೋಡಿದ್ರು, ಚಾ ಕುಡದ್ರು.

ಮರುದಿನ ಮುಂಜಾನೆ ಬಂದು ನನ್ನ ಚಾಪಿ ಮ್ಯಾಲ ಕುಂತ್ರು.

"ಕಾರಕೂನರ, ಒಂದು ಒಡಪು ಬರಕೊಡ್ರಿ. ಛತ್ರಿ ಇಲ್ಲದ್ದು, ಕಂದೀಲು ಇಲ್ಲದ್ದು."

"ಯಾಕ್ರಿ ಸಾವಕಾರ್ರ, ಅಕ್ಕಾರಿಗೆ ಚಲೋ ಬರ್ತಾವಲ್ಲ?"

"ನಮ್ಮಾಕಿಗಲ್ರೀ ಮಾರಾಯರ, ಛತ್ರಿಯವನ ಹೆಂಡತಿಗೆ. ಮುಂದಿನ ಸಲ ಆಕೀ ಓಟು ಆಕೀನ ಹಾಕ್ಲಿ!"