ರೇಣುಕಪ್ಪನವರ ಅಲ್ಪವಿರಾಮ

ಆ ದಿನದ ರಂಪಕ್ಕೆಲ್ಲ ಕಾರಣ ಒಂದು ಅಲ್ಪವಿರಾಮ.

ಕೊಪ್ಪದ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದು ವಾರವಾಗಿತ್ತು. ಅಲ್ಲಿಯವರೆಗೆ ಗ್ರಂಥಪಾಲಕ ರೇಣುಕಪ್ಪನವರ ಕಪಾಟಿನ ಪುಸ್ತಕಸೂಚಿ ಕಾರ್ಡುಗಳದ್ದೇ ಕಾನೂನು: ಲೇಖಕರ ಸ್ವಂತ ಹೆಸರು ಮೊದಲು, ಆಮೇಲೆ ಅಲ್ಪವಿರಾಮ, ಅದರಾಚೆ ಊರೋ ಗೌಡನೋ ಭಟ್ಟನೋ. ಕಂಪ್ಯೂಟರಿನದು ಉಲ್ಟಾ. ಅದಕ್ಕೆ ಕೊನೆಯ ಪದವೇ ಮೊದಲು.

ಬೆಳಿಗ್ಗೆ ಕಮಲಕ್ಕ ಬಂದು ಬೈರಪ್ಪ ಗೌಡರ ಜೇನುಸಾಕಣೆ ಪುಸ್ತಕ ಕೇಳಿದರು. ಕಂಪ್ಯೂಟರ್ ನೋಡಿಕೊಳ್ಳುವ ನವೀನ 'ಬೈರಪ್ಪ' ಎಂದು ಒತ್ತಿದ. ಇಲ್ಲ ಎಂದಿತು. 'ಗೌಡ' ಎಂದು ಒತ್ತಿದ. ಪರದೆ ತುಂಬ ಗೌಡರು.

"ಬಸ್‌ಸ್ಟ್ಯಾಂಡಲ್ಲಿ ಗೌಡ್ರೇ ಅಂತ ಕೂಗು ಮಾರಾಯ, ಅರ್ಧ ಕೊಪ್ಪ ತಿರುಗಿ ನೋಡತ್ತೆ!" ರೇಣುಕಪ್ಪ ಸಿಡಿದರು. "ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರಿಗೆ ಬೆಲೆನೇ ಇಲ್ವಾ?" ಬೈರಪ್ಪನವರ ಕಾರ್ಡನ್ನು ಡ್ರಾಯರಿನಿಂದ ಥಟ್ಟನೆ ಎಳೆದು ಕಮಲಕ್ಕನ ಕೈಗಿತ್ತರು.

"ಆದ್ರೂ ಆ ಕಪಾಟು ಇವತ್ತು ಗುಜರಿಗೇ ಸಾರ್," ಎಂದ ನವೀನ. "ಅದಕ್ಕೇ ಜಿಲ್ಲಾ ಲೈಬ್ರರಿ ಸಾಹೇಬ್ರೇ ಬರ್ತಿದಾರೆ."

"ಬರಲಿ, ಅವರಿಗೂ ಪಾಠ ಮಾಡ್ತೀನಿ!"

ಗುಮಾಸ್ತೆ ಸುಮಿತ್ರಮ್ಮ ಗಾಬರಿಯಾದರು. "ಸುಮ್ನಿರಿ ಮಾರಾಯ್ರೆ. ಅವ್ರು ಯಾರನ್ನೋ ವರ್ಗ ಮಾಡಕ್ಕೂ ಬರ್ತಿದಾರಂತೆ."

"ಅನ್ಯಾಯ ನೋಡಿ ಸುಮ್ನಿರಕ್ಕೆ ನಾನೆಂತ ಕಪಾಟಾ?"

ಸಾಹೇಬರು ಬಂದರು. ಎಲ್ಲರೂ ತಲೆ ತಗ್ಗಿಸಿ ಕುಳಿತರೆ ರೇಣುಕಪ್ಪ ಮಾತ್ರ ಕಪಾಟಿಗೆ ಅಡ್ಡ ನಿಂತಿದ್ದರು.

"ಏನ್ರೀ ನಿಮ್ಮ ಹೆಸರು?"

ಕಲಿಸಲು ಇದೇ ಸಮಯ ಎನಿಸಿತು ರೇಣುಕಪ್ಪನವರಿಗೆ. ಎದೆಯುಬ್ಬಿಸಿ, ತಮ್ಮ ಹೆಸರಿನ ಮೊದಲಿಗಿದ್ದ 'ಎನ್' ಇನಿಶಿಯಲ್ಲನ್ನು ಪೂರ್ತಿ ಬಿಡಿಸಿ, ಕಾರ್ಡಿನ ಕ್ರಮದಲ್ಲೇ ಹೇಳಿದರು.

"ರೇಣುಕಪ್ಪ." ಅಲ್ಪವಿರಾಮದಷ್ಟು ನಿಂತರು. "ನರಸಿಂಹರಾಜಪುರ!"

ಸಾಹೇಬರ ಮುಖ ಅರಳಿತು. "ಭೇಷ್! ಅಲ್ಲಿನ ಲೈಬ್ರರಿಗೆ ವರ್ಗ ಆಗಿ ಹೋಗಕ್ಕೆ ಯಾರೂ ಒಪ್ತಾನೇ ಇರ್ಲಿಲ್ಲ. ನೀವಾಗೇ ಕೇಳಿದ್ರಲ್ಲ!"

"ಅಯ್ಯೋ, ಅದು ಅಜ್ಜ ಬಿಟ್ಟು ಬಂದ ಊರು ಸ್ವಾಮಿ. ಬರೀ ಇನಿಶಿಯಲ್ಲು!"

"ಸ್ವಂತ ಊರಾ? ಮತ್ತೂ ಒಳ್ಳೇದಾಯ್ತು."

ರೇಣುಕಪ್ಪನವರ ಸ್ವರ ಇಳಿಯಿತು. "ಅಲ್ಲಿ ಕಾರ್ಡು..."

"ಒಂದೂ ಇಲ್ಲ, ಎಲ್ಲ ಗುಜರಿಗೆ ಹೋಯ್ತು. ಅಷ್ಟೂ ಪುಸ್ತಕ ನೀವೇ ಕಂಪ್ಯೂಟರಿಗೆ ಏರಿಸ್ಬೇಕು. ಕೊನೆ ಪದ ಮೊದ್ಲು, ನೆನಪಿರಲಿ."

ನವೀನ ಆಗಲೇ ವರ್ಗದ ಆರ್ಡರ್ ಒತ್ತುತ್ತಿದ್ದ. "ಸಾರ್, ನರಸಿಂಹರಾಜಪುರ ಹೆಸರಿನ ಮುಂದೆ ಹಾಕ್ಲಾ, ಹಿಂದೆ ಹಾಕ್ಲಾ?"

"ಎಲ್ಲಾದ್ರೂ ಹಾಕು ಮಾರಾಯ," ಎಂದರು ರೇಣುಕಪ್ಪ. "ಹೋಗದು ಅಲ್ಲಿಗೇ."